ಪಟೇಲಿಕೆ ಹೋಯಿತು, ಕೆರೆ ಕಾಯುವವರು ಯಾರು?

ಪಶ್ಚಿಮ ಆಫ್ರಿಕಾದ ಘಾನಾ 1957ರಲ್ಲಿ ಸ್ವತಂತ್ರವಾದರೂ ಅಲ್ಲಿನ ಸಾಂಪ್ರದಾಯಿಕ ಅರಸರ ಗದ್ದುಗೆಗಳು ಉಳಿದುಕೊಂಡವು. 1992ರ ಸಂವಿಧಾನವೇ ಅವುಗಳಿಗೆ ಮಾನ್ಯತೆ ನೀಡಿ, ಗದ್ದುಗೆಯಲ್ಲಿರುವವರು ಸಕ್ರಿಯ ಪಕ್ಷ ರಾಜಕಾರಣಕ್ಕೆ ಇಳಿಯದಂತೆ ಕಟ್ಟುಹಾಕಿತು.

ನಾವು ಹಿಡಿದದ್ದು ಬೇರೆ ದಾರಿ. ಸುಗಟೂರು ಪಾಳೆಯಗಾರರು ಆಳಿದ ಕೋಲಾರ ಸೀಮೆಯಲ್ಲಿ ಪಾಳೆಯಗಾರಿಕೆ ಅಳಿದ ಮೇಲೂ ಹಳ್ಳಿಯ ಅಧಿಕಾರ ವಂಶದ ಸ್ವತ್ತಾಗಿಯೇ ಇತ್ತು. ಪಟೇಲನ ಮಗ ಪಟೇಲ, ಶಾನುಭೋಗನ ಮಗ ಶಾನುಭೋಗ. ತೋಟಿ, ತಳವಾರ, ನೀರುಗಂಟಿಯ ಮಕ್ಕಳಿಗೂ ಅದೇ ನಿಯಮ. ಆದರೆ ಅವರಿಗೆ ಬಂದದ್ದು ಅಧಿಕಾರವಲ್ಲ, ಊಳಿಗ. ಗ್ರಾಮಾಧಿಕಾರಗಳ ರದ್ದತಿಗಾಗಿ 1961ರಲ್ಲಿ ರೂಪುಗೊಂಡ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು, ಈ ಎಲ್ಲ ಹುದ್ದೆಗಳನ್ನೂ ಒಟ್ಟಿಗೇ ತೆಗೆದುಹಾಕಿತು. ಅದು ನ್ಯಾಯವಾದ ಕ್ರಮ. ಹುಟ್ಟಿನಿಂದ ಬರುವ ದರ್ಪವೂ ಹುಟ್ಟಿನಿಂದ ಬರುವ ಬಿಟ್ಟಿ ಚಾಕರಿಯೂ ಪ್ರಜಾಪ್ರಭುತ್ವಕ್ಕೆ ಒಗ್ಗುವಂಥವಲ್ಲ.

ಆದರೆ ಹುದ್ದೆ ರದ್ದಾದರೆ ಕೆಲಸ ರದ್ದಾಗುವುದಿಲ್ಲ. ಪಟೇಲ, ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಕಂದಾಯ ವಸೂಲಿ ಒಂದು ದಿನವೂ ಅನಾಥವಾಗಲಿಲ್ಲ, ಅನಾಥವಾದದ್ದು ಕೆರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಕೆರೆಯೇ ನದಿ. ತೂಬು ತೆಗೆದು ಮುಚ್ಚುವುದು, ಕಾಲುವೆ ಕಾಯುವುದು, ಮೇಲಿನ ಗದ್ದೆಗೂ ಕೊನೆಯ ಗದ್ದೆಗೂ ನೀರು ಹಂಚುವುದು ನೀರುಗಂಟಿಯ ಹೊಣೆಯಾಗಿತ್ತು. ಹೆಚ್ಚಾಗಿ ದಲಿತ ಕುಟುಂಬಗಳೇ ಹೊತ್ತಿದ್ದ ಈ ಕಾಯಕಕ್ಕೆ ಇನಾಮು ಜಮೀನು ಮತ್ತು ಸುಗ್ಗಿಯ ಕಾಳೇ ಪ್ರತಿಫಲ. ಇಂದು ಎಷ್ಟೋ ಪಂಚಾಯಿತಿಗಳಲ್ಲಿ ನೀರುಗಂಟಿಯೆಂದರೆ ಕೊಳವೆಬಾವಿಯ ಮೋಟಾರು ಹಾಕಿ ನಲ್ಲಿಗೆ ನೀರು ಬಿಡುವಾತ. ಹೆಸರು ಉಳಿದಿದೆ, ಕೆರೆ ಮಾತ್ರ ಆ ಹೆಸರಿನಿಂದ ಜಾರಿಹೋಗಿದೆ.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ಈ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿತು. ಕೊಳವೆಗಳಿಗೆ ಹಣ ಹೊಂದಿಸಿದ ಸರ್ಕಾರಕ್ಕೆ ಕೆರೆಗೊಬ್ಬ ಕಾವಲುಗಾರನ ಸಂಬಳ ಭಾರವಾಗಬಾರದು. ಏರಿ, ತೂಬು, ರಾಜಕಾಲುವೆಗಳನ್ನು ನೋಡಿಕೊಳ್ಳಲು ಪಂಚಾಯಿತಿಯೇ ಜಾತಿ, ವಂಶ ನೋಡದೆ ನೀರುಗಂಟಿಯನ್ನು ನೇಮಿಸಲಿ. ಗ್ರಾಮಸಭೆಗೆ ಆತ ಉತ್ತರದಾಯಿಯಾಗಿರಲಿ. ಘಾನಾದಂತೆ ಗದ್ದುಗೆಯನ್ನು ಉಳಿಸಿಕೊಳ್ಳುವ ಅಗತ್ಯ ನಮಗಿರಲಿಲ್ಲ. ಆದರೆ ವಂಶದಿಂದ ಬಿಡಿಸಿಕೊಂಡ ಹೊಣೆಯನ್ನು ಊರಿನ ಕೈಗೆ ಒಪ್ಪಿಸುವ ಕೆಲಸ 1963ರಿಂದಲೂ ಬಾಕಿ ಉಳಿದಿದೆ.