ಕುಂಗ್‌ಫು: ತರಗತಿಯ ಆಚೆಗಿನ ತಾಲೀಮು

ಶಾಲೆಯ ಅಂಗಳದಲ್ಲಿ ಹೆಣ್ಣುಮಕ್ಕಳು ಸಾಲಾಗಿ ನಿಂತು, ಮುಷ್ಟಿ ಬಿಗಿದು, ಒಂದೇ ದನಿಯಲ್ಲಿ ಕೂಗು ಹಾಕುವುದು ಈಗ ಅಪರೂಪದ ದೃಶ್ಯವೇನಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ, ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳಲ್ಲಿ ಒನಕೆ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆಯ ತರಬೇತಿಗಳು ಬಂದಿವೆ. ಇಂಥ ಕಡೆ ಸಾಮಾನ್ಯವಾಗಿ ಕಲಿಸುವುದು ಕರಾಟೆ. ಕೆಲವು ತಿಂಗಳಲ್ಲಿ ತರಬೇತಿ ಮುಗಿಯುತ್ತದೆ. ಆದರೆ ಮಕ್ಕಳ ಉತ್ಸಾಹ ಮುಗಿಯುವುದಿಲ್ಲ.

ಬ್ರೂಸ್ ಲೀ, ಜಾಕಿ ಚಾನ್ ಚಿತ್ರಗಳನ್ನು ನೋಡಿದ ಹುಡುಗನೋ ಹುಡುಗಿಯೋ ಮನೆಗೆ ಬಂದು ‘ಕುಂಗ್‌ಫು ಕಲಿಯಬೇಕು’ ಎಂದರೆ ಯಾದಗಿರಿ, ಶಹಾಪುರ, ಸುರಪುರದ ಪಾಲಕರು ಏನು ಮಾಡಬೇಕು? ಚೀನೀ ಸಮರಕಲೆಯನ್ನು ಬಲ್ಲ ಶಿಕ್ಷಕರು ಪ್ರತಿ ತಾಲ್ಲೂಕಿನಲ್ಲೂ ಸಿಗುವುದಿಲ್ಲ. ಕೆಲವರು ‘ಹೊಡೆದಾಟ ಕಲಿತು ಏನಾಗಬೇಕಿದೆ’ ಎಂದು ಬಾಯಿ ಮುಚ್ಚಿಸುತ್ತಾರೆ. ಇನ್ನು ಕೆಲವರು ಕಣ್ಣಿಗೆ ಬಿದ್ದ ಮೊದಲ ಬೋರ್ಡಿನ ಕೆಳಗೆ ಹಣ ಕಟ್ಟಿ ಬರುತ್ತಾರೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದು, ಕಲೆಯನ್ನು ಕಲಿಯುವ ಮೊದಲು ಕಲೆಯ ಬಗ್ಗೆ ತಿಳಿದುಕೊಳ್ಳುವುದು.

ಹೆಸರಿನ ಗೊಂದಲ

ಕರಾಟೆ ಜಪಾನಿನ ಒಕಿನಾವಾ ದ್ವೀಪದ ಕೊಡುಗೆ. ಟೇಕ್ವಾಂಡೊ ಕೊರಿಯಾದ್ದು. ಚೀನಾದ ಎಲ್ಲ ಸಮರಕಲೆಗಳಿಗೂ ಸೇರಿ ‘ವುಶು’ ಎಂಬ ಹೆಸರಿದೆ. ‘ಕುಂಗ್‌ಫು’ ಎಂಬ ಮಾತಿಗೆ ಮೂಲದಲ್ಲಿ ಹೊಡೆದಾಟ ಎಂಬ ಅರ್ಥವೇ ಇಲ್ಲ. ಕಾಲ ಮತ್ತು ಶ್ರಮ ವ್ಯಯಿಸಿ ಗಳಿಸಿದ ಕೌಶಲ ಎಂಬುದು ಅದರ ಅರ್ಥ. ಒಳ್ಳೆಯ ಅಡುಗೆಯವನಿಗೂ ಕುಂಗ್‌ಫು ಇರಬಹುದು. ನಮ್ಮ ಭಾಗದ ‘ತಾಲೀಮು’ ಎಂಬ ಮಾತು ಅದಕ್ಕೆ ಬಹು ಹತ್ತಿರ.

ಇಂದಿನ ಕ್ರೀಡಾ ವುಶುವಿನಲ್ಲಿ ಎರಡು ಕವಲುಗಳಿವೆ. ‘ತಾವ್‌ಲು’ ಎಂಬುದು ಬರಿಗೈಯಲ್ಲಿ ಅಥವಾ ಕತ್ತಿ, ಕೋಲು, ಈಟಿ ಹಿಡಿದು ಮಾಡುವ ಕ್ರಮಬದ್ಧ ಪ್ರದರ್ಶನ. ‘ಸಾಂಡಾ’ ಎಂಬುದು ನೇರ ಸೆಣಸಾಟ. ಎಂಟು ಮೀಟರ್ ಚದರದ, 80 ಸೆಂಟಿಮೀಟರ್ ಎತ್ತರದ ಕಟ್ಟೆಯ ಮೇಲೆ ಎರಡೆರಡು ನಿಮಿಷದ ಸುತ್ತುಗಳಲ್ಲಿ ಅದು ನಡೆಯುತ್ತದೆ. ಗುದ್ದು, ಒದೆತದ ಜೊತೆಗೆ ಎದುರಾಳಿಯನ್ನು ಎತ್ತಿ ಕೆಡವಿದರೂ ಅಂಕ ಸಿಗುತ್ತದೆ. ಮೊಣಕೈ, ಮೊಣಕಾಲಿನ ಪೆಟ್ಟು ಮತ್ತು ಗಂಟಲು, ತಲೆಯ ಹಿಂಭಾಗದ ಮೇಲಿನ ಪೆಟ್ಟು ನಿಷಿದ್ಧ. ಸಿನಿಮಾದ ಹೊಡೆದಾಟಕ್ಕೂ ಇದಕ್ಕೂ ಇರುವ ಅಂತರ ಇಲ್ಲೇ ಸ್ಪಷ್ಟವಾಗುತ್ತದೆ.

ಬೆಟ್ಟ ಮತ್ತು ಬುದ್ಧ

ಶಹಾಪುರದ ಬೆಟ್ಟಸಾಲನ್ನು ದೂರದಿಂದ ಕಂಡವರು ‘ಬುದ್ಧ ಮಲಗ್ಯಾನ’ ಎನ್ನುತ್ತಾರೆ. ಕಲ್ಲು ಕಲ್ಲೇ, ಅದರಲ್ಲಿ ಬುದ್ಧನನ್ನು ಕಾಣುವುದು ನೋಡುವ ಕಣ್ಣು. ಶಾವೊಲಿನ್ ಮಠದ ಭಿಕ್ಷುಗಳಿಗೆ ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನೇ ಸಮರಕಲೆ ಕಲಿಸಿದನೆಂಬ ಕಥೆಯೂ ಇಂಥದ್ದೇ. ಕೇಳಲು ಹೆಮ್ಮೆ ಎನಿಸುತ್ತದೆ. ಆದರೆ ಈ ನಂಬಿಕೆಗೆ ಆಧಾರವಾದ ಗ್ರಂಥ 17ನೇ ಶತಮಾನದ್ದು, ಎಂದರೆ ಬೋಧಿಧರ್ಮನ ಕಾಲಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನದು. ಚೀನಾದ ವಿದ್ವಾಂಸ ತಾಂಗ್ ಹಾವ್ 1930ರ ದಶಕದಲ್ಲೇ ಈ ಕಥೆಯನ್ನು ಪ್ರಶ್ನಿಸಿದ್ದರು.

ದಾಖಲೆಗಳು ಹೇಳುವ ಇತಿಹಾಸ ಕಥೆಗಿಂತ ಕಡಿಮೆ ರೋಚಕವಲ್ಲ. ಶಾವೊಲಿನ್‌ನ ಹದಿಮೂರು ಭಿಕ್ಷುಗಳು 621ರ ಯುದ್ಧದಲ್ಲಿ ಮುಂದೆ ತಾಂಗ್ ಚಕ್ರವರ್ತಿಯಾದ ಲಿ ಶಿಮಿನ್‌ಗೆ ನೆರವಾದರು. ಮಠದಲ್ಲಿರುವ 728ರ ಶಿಲಾಶಾಸನದಲ್ಲಿ ಅವರ ಹೆಸರುಗಳಿವೆ. ಹ್ಯುಯೆನ್‌ತ್ಸಾಂಗನನ್ನು ನಮ್ಮ ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಓದಿರುತ್ತಾರೆ. ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಆತ ಇಲ್ಲಿನ ಯೋಧರ ಕೆಚ್ಚನ್ನು ಬಣ್ಣಿಸಿದ್ದಾನೆ. 645ರಲ್ಲಿ ಚೀನಾಕ್ಕೆ ಮರಳಿದ ಮೇಲೆ ಗ್ರಂಥಗಳ ಅನುವಾದಕ್ಕಾಗಿ ಶಾವೊಲಿನ್‌ನಲ್ಲಿ ನೆಲೆಸಲು ಚಕ್ರವರ್ತಿಯ ಅನುಮತಿ ಬೇಡಿದ. ಅನುಮತಿ ಸಿಗಲಿಲ್ಲ. ಆಗ ಚಕ್ರವರ್ತಿಯಾಗಿದ್ದವನು ಅದೇ ಲಿ ಶಿಮಿನ್! ಚಾಲುಕ್ಯರ ಪಾಠವೂ ಶಾವೊಲಿನ್‌ನ ಕಥೆಯೂ ಹೀಗೆ ಒಬ್ಬನೇ ಯಾತ್ರಿಕನ ಬದುಕಿನಲ್ಲಿ ಸಂಧಿಸುತ್ತವೆ.

ಎಲ್ಲಿ ಓದಬೇಕು?

ಈ ವಿಷಯದಲ್ಲಿ ಕನ್ನಡದ ಪುಸ್ತಕಗಳು ಕಡಿಮೆ. ಇಂಗ್ಲಿಷ್ ಬಲ್ಲ ಹಿರಿಯ ವಿದ್ಯಾರ್ಥಿಗಳಿಗೆ ಮೇಯರ್ ಶಹರ್ ಅವರ ‘ದಿ ಶಾವೊಲಿನ್ ಮೊನಾಸ್ಟರಿ’ (2008), ಪೀಟರ್ ಲೋರ್ಜ್ ಅವರ ‘ಚೈನೀಸ್ ಮಾರ್ಷಲ್ ಆರ್ಟ್ಸ್’ (2012) ನಂಬಬಹುದಾದ ಗ್ರಂಥಗಳು. ತಾಲ್ಲೂಕು ಗ್ರಂಥಾಲಯದ ಕಪಾಟಿನಲ್ಲಿ ಇವು ಸಿಗುವುದು ಕಷ್ಟ. ಕಲಬುರಗಿಗೆ ಓದಲು ಹೋಗುವ ಅಕ್ಕನೋ ಅಣ್ಣನೋ ಇದ್ದರೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಬಹುದು. 2020ರಲ್ಲಿ ಆರಂಭವಾದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಉಚಿತವಾಗಿ ಹೆಸರು ನೋಂದಾಯಿಸಬಹುದು. ಗ್ರಾಮ ಪಂಚಾಯಿತಿಗಳ ‘ಅರಿವು ಕೇಂದ್ರ’ಗಳಲ್ಲೂ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ. ಅಂತರರಾಷ್ಟ್ರೀಯ ವುಶು ಫೆಡರೇಷನ್ ತನ್ನ ನಿಯಮಾವಳಿ ಮತ್ತು ಸ್ಪರ್ಧೆಗಳ ವಿಡಿಯೊಗಳನ್ನು ಅಂತರಜಾಲದಲ್ಲಿ ಒದಗಿಸಿದೆ. ನಿಯಮ ತಿಳಿದು ಪಂದ್ಯ ನೋಡುವ ವಿದ್ಯಾರ್ಥಿ ಹತ್ತು ಸಿನಿಮಾ ನೋಡಿದವನಿಗಿಂತ ಹೆಚ್ಚು ಕಲಿಯುತ್ತಾನೆ.

ಓದಿದ್ದನ್ನು ಬರೆದಿಡುವುದೂ ಅಭ್ಯಾಸವೇ. ಬ್ರೂಸ್ ಲೀ 1970ರಲ್ಲಿ ಬೆನ್ನಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ವಿಶ್ರಾಂತಿಯಲ್ಲಿ ಇರಬೇಕಾಯಿತು. ಆಗ ಆತ ಓದುತ್ತ, ಟಿಪ್ಪಣಿ ಬರೆಯುತ್ತ ಕಾಲ ಕಳೆದ. ಆ ಟಿಪ್ಪಣಿಗಳೇ ಆತನ ಮರಣದ ನಂತರ, 1975ರಲ್ಲಿ, ‘ತಾವೊ ಆಫ್ ಜೀತ್ ಕುನೆ ಡೊ’ ಎಂಬ ಪುಸ್ತಕವಾಗಿ ಹೊರಬಂದವು. ಎದ್ದು ನಿಲ್ಲಲಾಗದ ದಿನಗಳಲ್ಲೂ ಕಲಿಕೆ ನಿಲ್ಲಬೇಕಿಲ್ಲ.

ಊರಿನ ಗುರುಗಳು

ಇನ್ನೊಂದು ಭಂಡಾರ ಮನೆಯ ಹತ್ತಿರವೇ ಇದೆ. ಅದೇ ಗರಡಿಮನೆ. 1705ರಲ್ಲಿ ವಾಗಿನಗೇರಿಯ ಕೋಟೆಯಲ್ಲಿ ಔರಂಗಜೇಬನ ಸೈನ್ಯವನ್ನು ಎದುರಿಸಿದ ನಾಯಕರ ನಾಡಿದು. ನಮ್ಮ ಭಾಗದ ಜಾತ್ರೆಗಳಲ್ಲಿ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯಗಳನ್ನು ಜನ ಇಂದಿಗೂ ಮುಗಿಬಿದ್ದು ನೋಡುತ್ತಾರೆ. ವುಶುವಿನ ‘ಮಾಬು’ ಎಂದರೆ ಕುದುರೆ ಏರಿ ಕುಳಿತಂತೆ ತೊಡೆ ಬಗ್ಗಿಸಿ ನಿಲ್ಲುವ ಭಂಗಿ. ಬೈಠಕ್ ಹೊಡೆದು ಪಳಗಿದ ಪೈಲ್ವಾನನಿಗೆ ಆ ತೊಡೆನೋವಿನ ಅರ್ಥ ಹೇಳಿಕೊಡಬೇಕಾಗಿಲ್ಲ. ಕುಸ್ತಿಯ ಪಟ್ಟುಗಳನ್ನು ಬಲ್ಲವನಿಗೆ ಸಾಂಡಾದಲ್ಲಿ ಎತ್ತಿ ಕೆಡವುವ ಭಾಗ ಸುಲಭವಾಗಿ ಅರ್ಥವಾದೀತು. ವಿದ್ಯಾರ್ಥಿಗಳು ರಜೆಯಲ್ಲಿ ಊರಿನ ಹಿರಿಯ ಪೈಲ್ವಾನರ ಬಳಿ ಕುಳಿತು ಪಟ್ಟುಗಳ ಹೆಸರು, ಊಟದ ಕ್ರಮ, ಗರಡಿಯ ಕಟ್ಟುಪಾಡು ಬರೆದುಕೊಂಡರೆ ಅದೊಂದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಆ ಹಿರಿಯರು ಹೋದ ಮೇಲೆ ಅವನ್ನು ಹೇಳುವವರು ಇರಲಾರರು.

ಪಾಲಕರು ಗಮನಿಸಬೇಕಾದ್ದು

ವಿಡಿಯೊ ನೋಡಿ ಎಲ್ಲವನ್ನೂ ಕಲಿಯಲಾಗದು. ನಿಲ್ಲುವ ಭಂಗಿ, ಮೈ ಸಡಿಲಿಸುವ ವ್ಯಾಯಾಮ, ಓಟ ಇವನ್ನು ಮನೆಯಲ್ಲಿ ಅಭ್ಯಾಸ ಮಾಡಬಹುದು. ಗಾಳಿಯಲ್ಲಿ ಹಾರಿ ಒದೆಯುವುದು, ಆಯುಧ ತಿರುಗಿಸುವುದು, ಹೆಂಚು ಒಡೆಯುವುದು, ತಮ್ಮ–ತಂಗಿಯರ ಮೇಲೆ ಪ್ರಯೋಗ ಮಾಡುವುದು ಖಂಡಿತ ಕೂಡದು. ಚಿತ್ರಗಳಲ್ಲಿ ಹಾರುವವರನ್ನು ಎಷ್ಟೋ ವೇಳೆ ಕಾಣದ ತಂತಿ ಎತ್ತಿರುತ್ತದೆ. ನಮ್ಮ ಅಂಗಳದಲ್ಲಿ ಆ ತಂತಿ ಇರುವುದಿಲ್ಲ. ನಿಧಾನ ಗತಿಯ ತಾಯಿಚಿಯ 24 ಭಂಗಿಗಳ ಸರಳ ಕ್ರಮವನ್ನು ಚೀನಾ 1956ರಲ್ಲಿ ಜನಸಾಮಾನ್ಯರಿಗೆಂದೇ ರೂಪಿಸಿತು. ಐದಾರು ನಿಮಿಷದ ಆ ಅಭ್ಯಾಸದಲ್ಲಿ ಅಪ್ಪ–ಅಮ್ಮನೂ ಮಗುವಿನ ಜೊತೆ ಸೇರಬಹುದು.

ತರಗತಿಗೆ ಸೇರಿಸುವ ಸಂದರ್ಭ ಬಂದರೆ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಕಲಿಸುವವರು ಯಾರಲ್ಲಿ ಕಲಿತರು? ಸಂಸ್ಥೆಗೆ ರಾಜ್ಯ ಸಂಘದ ಮಾನ್ಯತೆ ಇದೆಯೆ? ನೆಲಕ್ಕೆ ಮ್ಯಾಟ್ ಇದೆಯೆ? ಪೆಟ್ಟಾದರೆ ಏನು ವ್ಯವಸ್ಥೆ? ಪಾಲಕರು ಕುಳಿತು ನೋಡಬಹುದೆ? ಆರು ತಿಂಗಳಲ್ಲಿ ಕಪ್ಪು ಬೆಲ್ಟ್ ಕೊಡುತ್ತೇವೆ ಎನ್ನುವವರಿಂದ ದೂರವಿರುವುದು ಲೇಸು. ಮಾನ್ಯತೆಯ ವಿಷಯವನ್ನು ಜಿಲ್ಲಾ ಕ್ರೀಡಾ ಇಲಾಖೆಯ ಕಚೇರಿಯಲ್ಲೋ ಶಾಲೆಯ ದೈಹಿಕ ಶಿಕ್ಷಕರಲ್ಲೋ ವಿಚಾರಿಸಬಹುದು.

ವುಶು 1990ರಿಂದ ಏಷ್ಯನ್ ಕ್ರೀಡಾಕೂಟದಲ್ಲಿದೆ. ಹರಿಯಾಣದ ಪೂಜಾ ಕಾಡಿಯಾನ್ 2017ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಚಿನ್ನ ಗೆದ್ದರು. ಮಣಿಪುರದ ಬಿಷ್ಣುಪುರ ಜಿಲ್ಲೆಯ ರೈತ ಕುಟುಂಬದ ರೋಶಿಬಿನಾ ದೇವಿ 2018ರ ಏಷ್ಯನ್ ಕೂಟದಲ್ಲಿ ಕಂಚು, 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಕೂಟದಲ್ಲಿ ಬೆಳ್ಳಿ ತಂದರು. ಪದಕ ಎಲ್ಲರಿಗೂ ಬರುವುದಿಲ್ಲ. ಆದರೆ ಕೇಳಿದ್ದನ್ನೆಲ್ಲ ನಂಬದೆ ದಾಖಲೆ ಹುಡುಕುವ ಬುದ್ಧಿ, ದಿನವೂ ಒಂದಿಷ್ಟು ಹೊತ್ತು ಬೆವರು ಹರಿಸುವ ಶಿಸ್ತು, ಕೈ ಎತ್ತುವ ಮುನ್ನ ಯೋಚಿಸುವ ತಾಳ್ಮೆ ಇವು ಯಾವ ಮಗುವಿಗೂ ಬರಬಹುದು. ಅದಕ್ಕೆ ಶಹಾಪುರದಿಂದ ಚೀನಾದವರೆಗೆ ಹೋಗಬೇಕಾಗಿಲ್ಲ.