ನಿಘಂಟು ಕುದಿಸಿದ ಬಿಯರು

ನಾವು ಬಿಯರು ಕುಡಿಯುವವರಲ್ಲ; ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಆದರೆ ಬಿ.ಎಸ್ಸಿ.ಗೆ ರಸಾಯನಶಾಸ್ತ್ರ ಓದಿದ್ದೇವೆ, ಇಪ್ಪತ್ತು ವರ್ಷಗಳಿಂದ ಕೇಂದ್ರ ಸರ್ಕಾರದ ಕಛೇರಿಯಲ್ಲಿ ಅನುವಾದವಾದ ಕಾಗದಗಳೊಡನೆ ಹೆಣಗುತ್ತಿದ್ದೇವೆ. ಆ ಸಲಿಗೆಯಿಂದ ಕೇಳುತ್ತೇವೆ: ಜರ್ಮನ್ ಬಿಯರಿನ ಪದಗಳನ್ನು ಇಂಗ್ಲಿಷಿಗೆ ತರುವ ಮಹನೀಯರು ಬಿಯರು ಹೇಗೆ ತಯಾರಾಗುತ್ತದೆಂದು ಒಮ್ಮೆಯಾದರೂ ವಿಚಾರಿಸಿದ್ದಾರೆಯೇ?

ಈಚೆಗೆ ನಮ್ಮ ಮೇಜಿಗೆ ಯಂತ್ರಗಳ ವಿವರಣೆಯ ಒಂದು ಪುಸ್ತಿಕೆ ಬಂತು. ಅದರ ಇಂಗ್ಲಿಷಿನಲ್ಲಿ 'ವ್ಯೂರ್ಟ್ಸೆ' ಎಂಬುದು ಮಸಾಲೆಯಾಗಿತ್ತು! ನಿಘಂಟಿನಲ್ಲಿ ಆ ಅರ್ಥವೂ ಇದೆ, ನಿಜ. ಆದರೆ ಬಿಯರು ಕಾರ್ಖಾನೆಯಲ್ಲಿ ಅದು, ಮೊಳೆಯಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ, ಬಿಸಿನೀರಿನಲ್ಲಿಟ್ಟು ಸೋಸಿದ ಸಿಹಿ ರಸ. ಇಂಗ್ಲಿಷಿನವರಿಗೆ 'ವರ್ಟ್' ಎಂಬ ಸ್ವಂತ ಪದವೇ ಇದೆ.

'ಸ್ಟಾಮ್‌ವ್ಯೂರ್ಟ್ಸೆ' ಶೇಕಡಾ 12 ಎಂದರೆ, ಹುದುಗುವ ಮೊದಲು ಆ ರಸದ 100 ಗ್ರಾಮಿನಲ್ಲಿ 12 ಗ್ರಾಮು ಸಾರ ಕರಗಿದೆ ಎಂದರ್ಥ, ಬಹುಪಾಲು ಸಕ್ಕರೆ. ಅದನ್ನೇ ಮದ್ಯಸಾರವೆಂದು ಬರೆದರೆ? ಹುದುಗಿದ ಮೇಲೆ ಮದ್ಯಸಾರ ಬರುವುದು ಸುಮಾರು 5 ಮಾತ್ರ. ಜರ್ಮನಿಯಲ್ಲಿ ಬಿಯರಿನ ತೆರಿಗೆಯನ್ನು ಕಟ್ಟುವುದು ಈ ಸಾರದ ಅಂಶದ ಮೇಲೆ. ತಪ್ಪು ನಾಲಗೆಯಲ್ಲಿ ನಿಲ್ಲದೆ ಲೆಕ್ಕದ ಪುಸ್ತಕಕ್ಕೂ ಇಳಿಯುತ್ತದೆ. ಅಲ್ಲಿಯ ಕಾನೂನಿನ 'ಶಾಂಕ್‌ಬಿಯರ್' ಕೂಡ ಹಾಗೆಯೇ. 7ರಿಂದ 11ರೊಳಗೆ ಸಾರವಿರುವ ವರ್ಗ ಅದು. ಪೀಪಾಯಿಯಿಂದ ಬಗ್ಗಿಸಿಕೊಡುವ ಬಿಯರೆಂದು ಅನುವಾದಿಸಿದರೆ ಕಾನೂನೇ ಕೆಟ್ಟಿತು.

ಪದಕ್ಕೆ ಪದವಿಡುವುದೇ ಪ್ರಾಮಾಣಿಕತೆ ಎನ್ನುವವರಿದ್ದಾರೆ. ಹಾಗಾದರೆ ಡ್ಯುಸೆಲ್‌ಡಾರ್ಫಿನ 'ಆಲ್ಟ್‌ಬಿಯರ್' ಹಳಸಿದ ಬಿಯರೇ? ಹಳೆಯದು ಅದರ ವಿಧಾನ, ಸರಕಲ್ಲ. ನಮ್ಮ ದೋಸೆಯನ್ನು 'ಪ್ಯಾನ್‌ಕೇಕ್' ಎಂದಾಗ ಮುಖ ಸಿಂಡರಿಸುವ ನಾವು ಆ ಊರಿನವರ ಸಂಕಟವನ್ನು ಬಲ್ಲೆವು. ಅದು ಆಲ್ಟ್ ಆಗಿಯೇ ಇರಲಿ.

ಇನ್ನು ಕೆಲವರು ಎಲ್ಲವನ್ನೂ ಜರ್ಮನಿನಲ್ಲೇ ಬಿಟ್ಟು ಪಾಂಡಿತ್ಯ ಮೆರೆಯುತ್ತಾರೆ. 'ಹೋಪ್ಫೆನ್'ಗೆ ಹಾಪ್ಸ್, 'ಮೈಶೆ'ಗೆ ಮ್ಯಾಷ್ ಎಂಬ ದಾಯಾದಿ ಪದಗಳು ಇಂಗ್ಲಿಷಿನಲ್ಲಿರುವಾಗ ಈ ಠೀವಿ ಏಕೆ? ಮೂಲಕ್ಕೆ ಕೈ ಹಾಕುವವರದು ಮತ್ತೊಂದು ಪಂಗಡ. 1516ರ ಬವೇರಿಯದ ಶಾಸನ ಹೆಸರಿಸುವುದು ಬಾರ್ಲಿ, ಹಾಪ್ಸ್, ನೀರು ಮೂರನ್ನೇ. ಅದಕ್ಕೆ ಯೀಸ್ಟನ್ನೂ ಸೇರಿಸುವುದು ಅನುವಾದವಲ್ಲ, ತಿದ್ದುಪಡಿ.

ಆ ಪುಸ್ತಿಕೆಯ ಅಂಚಿನಲ್ಲಿ 'ವರ್ಟ್' ಎಂದು ಬರೆದು ಹಿಂದಿರುಗಿಸಿದೆವು. ನಮ್ಮದೇ ಕಾಗುಣಿತ ತಪ್ಪಿರಬೇಕೆಂದು ತಿಳಿದು 'ವಾಟರ್' ಎಂದು ತಿದ್ದಿ ಕಳುಹಿಸಿದ್ದಾರೆ.