ಅಪ್ಪನ ಈಮೇಲು ಮತ್ತು ನಾನು ಒತ್ತಿದ ತಪ್ಪು ಗುಂಡಿ

ದೆಹಲಿ ಕಡೆ ಬಂದು 16 ವರ್ಷ. ನೋಯ್ಡಾದಲ್ಲಿ ಕೆಲಸ, ಇಂದಿರಾಪುರದಲ್ಲಿ ಬಾಡಿಗೆ ಮನೆ. ಈವರೆಗೆ ಐದು ಮನೆ, ನಾಲ್ಕು ಲ್ಯಾಪ್‌ಟಾಪ್ ಬದಲಾಗಿವೆ. ಮೊದಲ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಒಂದು ಜೂನ್ ತಿಂಗಳ ಬಿಸಿಲಲ್ಲಿ ಕೈಕೊಟ್ಟಾಗ ಅಪ್ಪನ ಈಮೇಲುಗಳೂ ಅದರೊಂದಿಗೇ ಹೋದವು. ಸಾಗರದ ಸೈಬರ್ ಕೆಫೆಯಲ್ಲಿ ಕೂತು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ಕಳಿಸುತ್ತಿದ್ದ ನಾಲ್ಕೈದು ಸಾಲುಗಳು: ಅಡಿಕೆ ಧಾರಣೆ, ಮಳೆ, ಅಮ್ಮನ ಮಂಡಿನೋವು. ಅಪ್ಪ ಈಗಿಲ್ಲ.

ತಪ್ಪು ನನ್ನದೇ. ಮೇಲ್ ಪ್ರೋಗ್ರಾಂ ಹಾಕಿಕೊಳ್ಳುವಾಗ ಅದು ‘ಪಿಒಪಿಯೋ, ಐಮ್ಯಾಪೋ’ ಎಂದು ಕೇಳಿತ್ತು. ಪಿಒಪಿ ಒತ್ತಿದೆ. (ಗಣಪನ ಮೂರ್ತಿಯ ಪಿಒಪಿ ಅಲ್ಲ; ಪೋಸ್ಟ್ ಆಫೀಸ್ ಪ್ರೋಟೊಕಾಲ್.) ಅಂಚೆಪೆಟ್ಟಿಗೆ ಪದೇ ಪದೇ ತುಂಬುತ್ತದೆಂದು, ಸರ್ವರ್‌ನಲ್ಲಿ ಪ್ರತಿ ಉಳಿಸುವ ಆಯ್ಕೆಯನ್ನೂ ತೆಗೆದುಹಾಕಿದ್ದೆ. ಅಂದರೆ ಕಾಗದವೆಲ್ಲ ಮನೆಗೆ ಬಂತು, ಅಂಚೆ ಕಚೇರಿಯಲ್ಲಿ ಏನೂ ಉಳಿಯಲಿಲ್ಲ. ಐಮ್ಯಾಪ್‌ನಲ್ಲಾದರೆ ಕಾಗದ ಅಲ್ಲೇ ಇರುತ್ತದೆ; ಫೋನ್, ಮನೆ, ಆಫೀಸು ಎಲ್ಲಿಂದ ತೆರೆದರೂ ಅದೇ ಪೆಟ್ಟಿಗೆ.

ಪಿಒಪಿಯನ್ನು ಬೈಯಲಾರೆ. 1984ರಲ್ಲಿ ಬಂದ ವ್ಯವಸ್ಥೆ ಅದು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಟ್ಟಾಗ ಫೋನ್ ಲೈನಿನಲ್ಲಿ ನಿಮಿಷ ಎಣಿಸಬೇಕಿತ್ತು. ಮೇಲ್ ಎಳೆದುಕೊಂಡು, ಲೈನ್ ಕತ್ತರಿಸಿ, ಆಮೇಲೆ ನಿಧಾನಕ್ಕೆ ಓದುವುದೇ ಜಾಣತನ. ಐಮ್ಯಾಪ್ ಕೂಡ ಹೊಸದೇನಲ್ಲ, ಮಾರ್ಕ್ ಕ್ರಿಸ್ಪಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಅದನ್ನು ರೂಪಿಸಿದ್ದು 1986ರಲ್ಲಿ. ಅದಕ್ಕೆ ತಕ್ಕ ಸಂಪರ್ಕ ನಮ್ಮ ಮನೆಗಳಿಗೆ ತಡವಾಗಿ ಬಂತು, ಅಷ್ಟೆ.

ಊರು ಬಿಟ್ಟು, ಮನೆ ಬದಲಿಸುತ್ತ, ಮೆಟ್ರೊದಲ್ಲಿ ನಿಂತು ಮೇಲ್ ನೋಡುವ ನಮ್ಮಂಥವರಿಗೆ ಐಮ್ಯಾಪೇ ಸರಿ. ಪೋರ್ಟ್ 993 ಹಾಕಿ, ಮುಂದೆ ಹೋಗಿ.

ಆದರೆ ಐಮ್ಯಾಪ್ ಎಂದರೆ ಬ್ಯಾಕಪ್ ಎಂದು ನಂಬಿದವರು ನನ್ನ ಆಫೀಸಿನಲ್ಲೇ ಹಲವರಿದ್ದಾರೆ. ಜಿಮೇಲಿನ ಉಚಿತ 15 ಜಿಬಿ ತುಂಬಿತೆಂದು ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಹಳೆಯ ಮೇಲ್‌ಗಳನ್ನು ಅಳಿಸಿದರು. ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ಮನೆಯ ಕಂಪ್ಯೂಟರ್ ತೆರೆದರೆ ಅಲ್ಲೂ ಇಲ್ಲ! ಒಂದೇ ಪೆಟ್ಟಿಗೆ ಎಂದಮೇಲೆ ಅಳಿಸಿದ್ದೂ ಎಲ್ಲ ಕಡೆ ಅಳಿಯುತ್ತದೆ. ಹಾಗಾಗಿ ದೀಪಾವಳಿ ರಜೆಯಲ್ಲಿ ನಾನು ಥಂಡರ್‌ಬರ್ಡ್‌ನ ‘ಲೋಕಲ್ ಫೋಲ್ಡರ್ಸ್’ಗೆ ಮುಖ್ಯವಾದ ಮೇಲ್‌ಗಳನ್ನು ಪ್ರತಿ ಮಾಡಿ, ಬೇರೊಂದು ಡಿಸ್ಕಿನಲ್ಲೂ ಇಡುತ್ತೇನೆ.

ಅಪ್ಪನ ಎರಡು ಮೇಲ್‌ಗಳನ್ನು ಹಿಂದೊಮ್ಮೆ ಅಣ್ಣನಿಗೆ ಫಾರ್ವರ್ಡ್ ಮಾಡಿದ್ದೆ. ಅವನ ಬಳಿ ಇದ್ದವು. ಡಿಸ್ಕಿನಲ್ಲಿ ಮೊದಲು ಇಟ್ಟದ್ದು ಅವನ್ನೇ.